ಬಸಿರಾಗದವನ ಬೀಡಿ

ಬಸಿರಿನಲ್ಲಿ ಬೀಡಿ ಸೇದಿದ ತಾಯಂದಿರ ಕೂಸುಗಳ ಬಗ್ಗೆ ಸಂಶೋಧನೆ ನಡೆದಿತ್ತು. ರಕ್ತದ ಮಾದರಿ ತರಲು ಸಂಶಿ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ಬಾಣಂತಿ ಶಾಂತವ್ವ ಏನೂ ಮುಚ್ಚಿಡಲಿಲ್ಲ. "ಬಸರಾಗಿದ್ದು ಗೊತ್ತಾದ ಮ್ಯಾಲೂ ಸೇದೇನ್ರಿ. ಹೊಟ್ಟ್ಯಾಗ ಕೂಸು ಮಿಸುಕಾಡಿದ ದಿನ ಬಿಟ್ನಿರಿ."

ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆಯುವಾಗ ಅವಳ ಗಂಡ ಕೇಳಿದ: "ಇದರಾಗ ಏನ್ ಕಾಣತೈತ್ರಿ?"

"ಹೊಗಿಯಿಂದ ಜೀನು ಬದಲಾಗೂದಿಲ್ರಿ. ಯಾವ ಜೀನು ಎಷ್ಟು ಕೆಲಸ ಮಾಡಬೇಕು ಅನ್ನೂ ಗುರುತು ಬದಲಾಗತಾವ. ಹಂಗಂತ ಕೂಸಿಗೆ ಜಡ್ಡು ಅಂತಲ್ಲ."

ಅವನಿಗೆ ಕೇಳಿಸಿದ್ದು ಬದಲಾಗತಾವ ಎಂಬ ಒಂದೇ ಮಾತು. "ನೋಡಬೇ ಯವ್ವಾ, ನಮ್ಮ ವಂಶದ ರಕ್ತಾನ ಕೆಡಿಸ್ಯಾಳ ಇಕಿ," ಎಂದು ತಾಯಿಯನ್ನು ಕೂಗಿದ. ಅವನ ಬೆರಳ ಸಂದಿಯಲ್ಲೇ ಬೀಡಿ ಹೊಗೆಯಾಡುತ್ತಿತ್ತು.

"ಮನ್ಯಾಗ ನೀವು ಸೇದಿದ ಹೊಗಿನೂ ಅಕಿ ಒಳಗ ಹೋಗಿರತೈತ್ರಿ," ಎಂದೆ.

"ನಾ ಏನ್ ಬಸರಾಗಿದ್ನೇನ್ರಿ?" ಎಂದು ನಕ್ಕ. ತಾಯಿಯೂ ನಕ್ಕಳು. ಶಾಂತವ್ವ ಕೂಸಿನ ಹಿಮ್ಮಡಿಯನ್ನು ಸೆರಗಿನಿಂದ ಒತ್ತಿ ಹಿಡಿದಿದ್ದಳು.

ಮುಂದಿನ ಸಲ ಹೋದಾಗ ಅವಳಿರಲಿಲ್ಲ. ಕೂಸಿನ ಸಮೇತ ತವರಿಗೆ ಅಟ್ಟಿದ್ದರು. "ಡಾಕ್ಟರ ಮಂದೀನ ಹೇಳ್ಯಾರಲ್ರಿ, ರಕ್ತ ಕೆಟ್ಟೈತಿ ಅಂತ," ಎಂದ ಗಂಡ, ಕಟ್ಟೆಯ ಮೇಲೆ ಹೊಗೆ ಬಿಡುತ್ತ.

ಆ ಡಾಕ್ಟರ ಮಂದಿ ನಾನೇ. ಹೆಂಡತಿಯನ್ನು ಬಿಡಲು ಅವನಿಗೆ ನನ್ನ ಮಾತು ಸಾಕಾಯಿತು. ಬೀಡಿ ಬಿಡಲು ಮಾತ್ರ ಸಾಲಲಿಲ್ಲ.