ಅಕ್ಕನ ತಟ್ಟೆಗೆ ಎರಡು ವೇಗ

ಹಳೆಯ ಸ್ಪೀಕರು, ಹಳೆಯ ರೆಕಾರ್ಡು ಮಾರುವುದು ನನ್ನ ಕಸುಬು. ನನ್ನ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಆಳೆತ್ತರದ ಯಂತ್ರಗಳು ಚಾದರ ತುಂಬಿಕೊಂಡು ದಿನವಿಡೀ ಗುದ್ದಾಡುವ ಆ ಕೋಣೆಯಲ್ಲಿ ಕಿರುಚಿದರಷ್ಟೇ ಮಾತು ಕೇಳಿಸುತ್ತದೆ. ಆ ಅಭ್ಯಾಸವನ್ನು ಅಕ್ಕ ಮನೆಗೂ ತಂದಿದ್ದಾಳೆ. ಭಾವ ಮಿತಭಾಷಿಯಾದದ್ದು ಅದರಿಂದಲೇ ಎಂದು ನನ್ನ ಗುಮಾನಿ.

ನೋಡಿ ವಾಪಸು ಕೊಡುತ್ತೇನೆಂದು ನನ್ನ ಅಂಗಡಿಯಿಂದ ಒಯ್ದ ತಾಳದ ಯಂತ್ರವನ್ನು ಅವಳು ಇನ್ನೂ ನೋಡುತ್ತಲೇ ಇದ್ದಾಳೆ. ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡೇ ಟೆಕ್ನೋ ಕಟ್ಟಿದಳು. ಟೆಕ್ನೋ ಎಂದರೆ ಯಂತ್ರದಿಂದ ಹುಟ್ಟುವ ಕುಣಿತದ ಸಂಗೀತ. ಪಲ್ಲವಿಯಿಲ್ಲ, ಚರಣವಿಲ್ಲ, ಒಂದೇ ಸಮನೆ ಬಡಿತ. ಇಷ್ಟು ಹೇಳಿದರೆ ಸಾಕು, ನನ್ನ ಅಂಗಡಿಯಲ್ಲಿ ಜಗಳ ಶುರು.

ಜಗಳದ ಯಜಮಾನರು ಇಬ್ಬರು: ಪಕ್ಕದ ದರ್ಜಿ, ಎದುರಿನ ಔಷಧಿ ಅಂಗಡಿಯವನು. ದರ್ಜಿಯ ಪ್ರಕಾರ ಟೆಕ್ನೋ ಹೊಲಿದು ಮುಗಿದ ಅಂಗಿ. ಇನ್ನೇನಿದ್ದರೂ ಗುಂಡಿ ಬದಲಾಯಿಸಬಹುದು ಅಷ್ಟೆ. ಔಷಧಿ ಅಂಗಡಿಯವನ ಪ್ರಕಾರ ಅದು ಇನ್ನೂ ಬೆಳೆಯುವ ಮಗು, ಅಳತೆ ತೆಗೆಯುವುದೇ ತಪ್ಪು. ಭಾನುವಾರ ಮಧ್ಯಾಹ್ನ ಇಬ್ಬರೂ ಬಂದು ಕೂರುತ್ತಾರೆ. ಕೇಳುತ್ತ ನಿಂತ ಗಿರಾಕಿಗಳು ದಾಕ್ಷಿಣ್ಯಕ್ಕಾದರೂ ಏನಾದರೂ ಕೊಳ್ಳುವುದರಿಂದ ನಾನೆಂದೂ ರಾಜಿ ಮಾಡಿಸಲು ಹೋಗಿಲ್ಲ. ಬದಲಿಗೆ ಒಂದು ಕಟ್ಟಳೆ ಮಾಡಿದೆ: ಇಬ್ಬರೂ ತಲೆಯಾಡಿಸದೆ ಯಾವ ರೆಕಾರ್ಡೂ ಟೆಕ್ನೋ ಕಪಾಟು ಸೇರುವಂತಿಲ್ಲ. ಒಪ್ಪಿಗೆಯಾಗದ್ದು ಬಾಗಿಲ ಬಳಿಯ 'ಇತರೆ' ಡಬ್ಬಿಗೆ. ಒದ್ದೆ ಕೊಡೆಗಳೂ ಅಲ್ಲೇ ಇರುತ್ತವೆ.

ಅಕ್ಕ ತನ್ನ ಸಂಗೀತವನ್ನು ರೆಕಾರ್ಡಿನ ತಟ್ಟೆ ಮಾಡಿಸಿ ತಂದಾಗ ಅವಳಿಗೆ ಬೇಕಾಗಿದ್ದದ್ದು ಆ ಕಪಾಟು ಒಂದೇ.

"ಡಬ್ಬಿಗೆ ಹೋಗೋದಾದ್ರೆ ಮನೆಗೆ ತಗೊಂಡು ಹೋಗ್ತೀನಿ. ಅಕ್ಕ ಅಂತ ದಯೆ ತೋರಿಸ್ಬೇಡ" ಎಂದಳು.

ಇಷ್ಟು ವರ್ಷದ ವ್ಯಾಪಾರದಲ್ಲಿ ಆ ಆಪಾದನೆ ನನ್ನ ಮೇಲೆ ಬಂದದ್ದು ಅದೇ ಮೊದಲು.

ತಟ್ಟೆ ಹಾಕಿದವನು ಔಷಧಿಯವನು. ಬಡಿತ ನಿಧಾನವಾಗಿ, ಭಾರವಾಗಿ, ಏದುಸಿರು ಬಿಡುತ್ತ ಬಂತು. ದರ್ಜಿ ಕೈಯಾಡಿಸಿ, ಇದು ಟೆಕ್ನೋ ಅಲ್ಲ, ಟೆಕ್ನೋಗೆ ಜ್ವರ ಬಂದಿದೆ ಎಂದ. ಔಷಧಿಯವನು ಕಣ್ಣು ಮುಚ್ಚಿ, ಟೆಕ್ನೋ ಹೋಗುತ್ತಿರುವುದೇ ಈ ದಾರಿಯಲ್ಲಿ ಎಂದು ಉಪನ್ಯಾಸ ತೆಗೆದ. ಅಕ್ಕ ಮಾತ್ರ ಸ್ಪೀಕರಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡಳು. ತಟ್ಟೆ ಮುಗಿದ ಮೇಲೆ ಎದ್ದು ಹೋಗಿ ಪ್ಲೇಯರಿನ ವೇಗದ ಗುಂಡಿ ತಿರುಗಿಸಿ ಮತ್ತೆ ಹಾಕಿದಳು. ಹಿಂದಿನ ತಟ್ಟೆಗೆ ಇಟ್ಟಿದ್ದ ನಿಧಾನದ ವೇಗವನ್ನು ಔಷಧಿಯವನು ಬದಲಿಸಿರಲೇ ಇಲ್ಲ.

ಸರಿಯಾದ ವೇಗದಲ್ಲಿ ಬಡಿತ ಚುರುಕಾಗಿ ಓಡಿತು. ದರ್ಜಿಯ ಕಾಲು ಹೊಲಿಗೆ ಯಂತ್ರ ತುಳಿದಂತೆ ಕುಣಿಯಿತು. ಇದೇ ಟೆಕ್ನೋ ಎಂದು ತಲೆಯಾಡಿಸಿದ. ಔಷಧಿಯವನ ಮುಖ ಇಳಿಯಿತು. ಇಂಥದ್ದನ್ನು ಬೇಕಾದಷ್ಟು ಕೇಳಿದ್ದೇನೆ, ನಾನು ಒಪ್ಪಿದ್ದು ಆ ಮೊದಲನೆಯದನ್ನು, ಇದನ್ನಲ್ಲ ಎಂದ. ನನ್ನ ಕಟ್ಟಳೆ ನನ್ನಕ್ಕನನ್ನೇ ಕೊಡೆಗಳ ಕಡೆಗೆ ತಳ್ಳುತ್ತಿತ್ತು.

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. ಕೆಲಸದ ಕೋಣೆಯ ಗಂಟಲಲ್ಲೇ ಮಾತಾಡಿದಳು.

"ಖಾಲಿ ಮಷೀನು ಹಿಂಗೇ ಓಡುತ್ತೆ, ಟಕಟಕ ಅಂತ. ಒದ್ದೆ ಚಾದರ ತುಂಬಿದ್ದು ಒಂದೊಂದು ಸುತ್ತಿಗೂ ಯೋಚನೆ ಮಾಡುತ್ತೆ. ನಾನು ಅದನ್ನೇ ಹುಡುಕ್ತಾ ಇದ್ದೆ ಕಣ್ರಯ್ಯಾ. ಸಿಗ್ಲಿಲ್ಲ ಅಂತ ಖಾಲೀದನ್ನ ಮಾಡ್ದೆ. ಇವನು ಗುಂಡಿ ಮರ್ತು ನಂಗೆ ಹುಡುಕಿ ಕೊಟ್ಟ."

ಇಬ್ಬರೂ ಬಾಯಿ ತೆರೆಯುವ ಮುನ್ನ ಒಬ್ಬೊಬ್ಬರಿಗೇ ಬೆರಳು ತೋರಿಸಿ ಇನ್ನೊಂದು ಕೇಳಿದಳು:

"ನೀನು ಒಪ್ಪಿದ್ದು ಈ ತಟ್ಟೇನ ತಾನೆ? ನೀನೂ ಇದನ್ನೇ ತಾನೆ? ತಟ್ಟೆ ಎಷ್ಟಿದೆ ಇಲ್ಲಿ?"

ವ್ಯಾಪಾರ ಕಲಿತವನು ನಾನೊಬ್ಬನೇ ಎಂದು ಆವರೆಗೆ ಅಂದುಕೊಂಡಿದ್ದೆ. ದರ್ಜಿ ಗೊಣಗುತ್ತಲೇ ಎದ್ದು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ತಾನೇ ಕಪಾಟಿನಲ್ಲಿಟ್ಟ. ಅಕ್ಕ ಅದನ್ನು ಮತ್ತೆ ಹೊರತೆಗೆದು, ರಟ್ಟಿನ ಹೊದಿಕೆಯ ಮೇಲೆ 'ಯಾವ ವೇಗದಲ್ಲಾದರೂ ಕೇಳಿ' ಎಂದು ದಪ್ಪಕ್ಷರದಲ್ಲಿ ಬರೆದು, ಆ ಬರಹ ಹೊರಗೆ ಕಾಣುವಂತೆ ಇಟ್ಟಳು.

ಜಗಳ ಈಗಲೂ ನಡೆಯುತ್ತಿದೆ, ಎರಡು ವೇಗದಲ್ಲಿ. ಆ ರೆಕಾರ್ಡಿನ ಬೆಲೆ ಕೇಳಿದವರಿಗೆ ನಾನು ಮೊದಲು ಹೇಳುವುದು, ಇದು ನಮ್ಮಕ್ಕ ಮಾಡಿದ್ದು ಎಂದು. ಸಂಬಂಧ ಹೇಳಿದರೆ ಚೌಕಾಸಿ ಜೋರಾಗುತ್ತದೆಂದು ಗೊತ್ತು. ಆದರೂ ಹೇಳುತ್ತೇನೆ.