ಅಲೀಪುರದ ಹಳೇ ಮೋಟಾರ್ ಸೈಕಲ್ಲು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಮನೆ ಮೇಲೂರಿನಲ್ಲಿ, ದಿನಾ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಅಮ್ಮ. ಅಪ್ಪ ತೀರಿಕೊಂಡ ಮೇಲೆ ಹೊಲ, ಹಿಪ್ಪುನೇರಳೆ ತೋಟ ಎಲ್ಲವನ್ನೂ ಅಮ್ಮನೇ ನಿಂತು ಮಾಡಿಸುತ್ತಿದ್ದಳು.

ನಮ್ಮ ಸ್ಕೂಲಿನ ಉರ್ದು ಮೇಷ್ಟ್ರು ಅಲೀಪುರದವರು. ಅವರ ಸೋದರಮಾವ ಉಂಗುರದ ಹರಳಿನ ವ್ಯಾಪಾರಿ. ಆ ಮಾವ ತಮ್ಮ ಮೋಟಾರ್ ಸೈಕಲ್ಲನ್ನು ಮಾರುತ್ತಾರಂತೆ ಎಂದು ಒಂದು ದಿನ ಹೇಳಿದರು. ಮೋಟಾರ್ ಸೈಕಲ್ಲು ಕೊಳ್ಳುವ ನನ್ನ ಆಸೆ ಬಹಳ ಹಿಂದಿನದು. ಭಾನುವಾರ ಬಂದದ್ದೇ ತಡ, ಬಸ್ಸು ಹತ್ತಿ ಅಲೀಪುರಕ್ಕೆ ಹೋದೆ.

ಗಾಡಿ ಎರಡನೇ ಮಹಾಯುದ್ಧದ ಕಾಲದ್ದು. ಮಿಲಿಟರಿಯವರು ಹರಾಜು ಹಾಕಿದಾಗ ಉರ್ದು ಮೇಷ್ಟ್ರ ಮಾವ ಕೊಂಡು, ಬೆಂಗಳೂರು, ಹಿಂದೂಪುರ, ಅನಂತಪುರ ಅಂತ ಹರಳಿನ ಚೀಲ ಕಟ್ಟಿಕೊಂಡು ಅದರ ಮೇಲೇ ತಿರುಗಿದ್ದರಂತೆ. ಮೈಲಿ ತೋರಿಸುವ ಮೀಟರು ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಶುರುವಾಗಿ, ನಡುವೆ ಎಲ್ಲೋ ನಿಂತುಹೋಗಿತ್ತು. ಹಸಿರು ಬಣ್ಣ ಟ್ಯಾಂಕಿನ ಅಂಚಿನಲ್ಲಷ್ಟೇ ಉಳಿದಿತ್ತು. ಹಾಗಿದ್ದೂ ಒಂದೇ ಒದೆತಕ್ಕೆ ಅದು ದಡದಡ ಅಂತ ಎದ್ದಾಗ ನನ್ನ ಎದೆಯೂ ಅದರ ಜೊತೆ ಬಡಿದುಕೊಂಡಿತು.

ಆ ಹಿರಿಯರು ಮಾರುವವರ ಹಾಗೆ ಮಾತಾಡಲೇ ಇಲ್ಲ. "ನೋಡಿ ಮೇಷ್ಟ್ರೇ, ನಿಲ್ಲಿಸಿದ ಕಡೆ ಎಣ್ಣೆ ತೊಟ್ಟಿಕ್ತದೆ. ಎರಡನೇ ಗೇರು ಒಂದೊಂದ್ಸಲ ಬಿಟ್ಕೊಳ್ತದೆ. ಎತ್ತರ ಹತ್ತೋವಾಗ ಹಠ ಮಾಡ್ತದೆ. ಡಾಕ್ಟ್ರು ಬೇಡ ಅಂದ್ರು ಅಂತ ಕೊಡ್ತಾ ಇದೀನಿ, ಇಲ್ದಿದ್ರೆ ಕೊಡ್ತಿರ್ಲಿಲ್ಲ," ಅಂದರು. ನಾನು ಗಾಡಿಯ ಸುತ್ತ ಇನ್ನೊಂದು ಸುತ್ತು ಬಂದೆ. "ಒಂದು ವಾರ ನಿಮ್ಮ ಹತ್ರ ಇಟ್ಕೊಳ್ಳಿ. ಮನೆಯೋರೆಲ್ಲ ನೋಡ್ಲಿ. ಬೇಡ ಅಂದ್ರೆ ತಂದು ಇಲ್ಲೇ ನಿಲ್ಸಿ, ನಾನೇನೂ ಅಂದ್ಕೊಳ್ಳಲ್ಲ," ಅಂತ ಕೀಲಿ ಕೈಗಿಟ್ಟರು. ನನ್ನನ್ನು ಅವರು ನೋಡಿದ್ದು ಅದೇ ಮೊದಲು. ಒಂದು ಚೀಟಿಯನ್ನೂ ಬರೆಸಿಕೊಳ್ಳಲಿಲ್ಲ.

ಮನೆಗೆ ತಂದು ನಿಲ್ಲಿಸಿದೆ. ಬೆಳಗ್ಗೆ ನೋಡಿದರೆ ಸಾರಿಸಿದ ಅಂಗಳದಲ್ಲಿ ರಾಗಿ ಮುದ್ದೆಯಷ್ಟಗಲ ಕರೀ ಎಣ್ಣೆ. "ಇದು ನಮ್ಮನೇಗೆ ಬೇಕಾ? ಸೈಕಲ್ಲು ಚೆನ್ನಾಗೇ ಇದ್ಯಲ್ಲ," ಅಂದಳು ಹೆಂಡತಿ. ಕೋಪದಿಂದಲ್ಲ, ನಿಜವಾಗಿಯೂ ಕೇಳಿದಳು. ನಾನು ಗಾಡಿಯನ್ನು ಚಿಕ್ಕಬಳ್ಳಾಪುರದ ಮೆಕ್ಯಾನಿಕ್ಕಿಗೆ ತೋರಿಸಿದೆ. ಆತ ಕಿವಿಗೊಟ್ಟು ಕೇಳಿ, "ಓಡ್ತದೆ ಸಾರ್. ಆದ್ರೆ ಇವತ್ತಲ್ಲ ನಾಳೆ ಇಂಜಿನ್ ಬಿಚ್ಚಲೇಬೇಕು," ಅಂದ. ಶುಕ್ರವಾರದ ಹೊತ್ತಿಗೆ ನನ್ನ ಉತ್ಸಾಹ ಇಳಿದಿತ್ತು. ಊಟಕ್ಕೆ ಕೂತಾಗ, "ಭಾನುವಾರ ಹೋಗಿ ವಾಪಸ್ ಕೊಟ್ಟುಬಿಡ್ತೀನಿ," ಅಂದೆ.

ಅಲ್ಲಿಯವರೆಗೆ ಅಮ್ಮ ಆ ಗಾಡಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಸಾರು ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ಕೇಳಿದಳು: "ಅಲೀಪುರ ತೊಂಡೇಬಾವಿ ಹತ್ರ ಅಲ್ವೇನೋ?"

"ಹೂಂ, ಹತ್ರಾನೇ."

"ಹೆಂಗೂ ಹೋಗ್ತೀಯಲ್ಲ, ನನ್ನೂ ಕೂರಿಸ್ಕೊಂಡು ಹೋಗಪ್ಪ. ಅಕ್ಕನ್ನ ಒಂದ್ಸಲ ನೋಡ್ಬಿಡ್ತೀನಿ."

ತೊಂಡೇಬಾವಿಯಲ್ಲಿ ಅಮ್ಮನ ಒಬ್ಬಳೇ ಅಕ್ಕ, ನನ್ನ ದೊಡ್ಡಮ್ಮ, ಇದ್ದಳು. ದೊಡ್ಡಮ್ಮನಿಗೆ ಮಂಡಿನೋವು, ಊರು ಬಿಟ್ಟು ಬರಲಾರಳು. ಅಮ್ಮನಿಗೆ ಬಸ್ಸು ಆಗದು. ಹತ್ತಿ ಕೂತು ಪೆಟ್ರೋಲಿನ ವಾಸನೆ ಬಂತೆಂದರೆ ಸಾಕು, ಕರುಳು ಬಾಯಿಗೆ ಬರುವಂತೆ ವಾಂತಿ. ಯಲಹಂಕದಲ್ಲಿ ರೈಲು ಬದಲಾಯಿಸಿಕೊಂಡೂ ಒಮ್ಮೆ ಹೋಗಿ ನೋಡಿದ್ದೆವು. ಕಲ್ಲಿದ್ದಲ ಹೊಗೆಗೂ ಅದೇ ಪಾಡು. ದೊಡ್ಡಪ್ಪ ತೀರಿಕೊಂಡಾಗ ಬಸ್ಸಿನಲ್ಲಿ ಹೋಗಿ, ಅಕ್ಕನನ್ನು ಸಮಾಧಾನ ಮಾಡಬೇಕಾದವಳು ತಾನೇ ಚಾಪೆ ಹಿಡಿದು ಮಲಗಿದ್ದಳು. ಆಮೇಲೆ ಅಕ್ಕತಂಗಿಯರು ಮುಖ ನೋಡಿರಲಿಲ್ಲ.

"ಗಾಡಿ ಕೊಟ್ಬಿಟ್ಟ ಮೇಲೆ ಬರೋದು ಹೆಂಗೆ ಅತ್ತೆ?" ಅಂದಳು ನನ್ನ ಹೆಂಡತಿ.

"ಬರೋದು ಆಮೇಲೆ ನೋಡ್ಕೊಳ್ಳಣ ಕಣಮ್ಮ. ವಾಂತಿ ಮಾಡ್ಕೊಂಡಾದ್ರೂ ಬಸ್ಸಲ್ಲೇ ಬರ್ತೀನಿ," ಅಂದಳು ಅಮ್ಮ.

ಪ್ರಯಾಣ ಅಂದರೆ ಅಮ್ಮ ಹಿಂದಿನ ರಾತ್ರಿಯಿಂದಲೇ ಉಪವಾಸ. ಭಾನುವಾರ ಬೆಳಗ್ಗೆ ಕೈಯಲ್ಲೊಂದು ನಿಂಬೆಹಣ್ಣು ಹಿಡಿದು, ಸೆರಗು ತಲೆಗೆ ಬಿಗಿದು, ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಹಿಂದಿನ ಸೀಟಿನಲ್ಲಿ ಕೂತಳು. ಊರ ಜನ ಬಾಗಿಲಿಗೆ ಬಂದು ನಿಂತು ನೋಡಿದರು. ಚಿಕ್ಕಬಳ್ಳಾಪುರದವರೆಗೂ ನಾನು ಮತ್ತೆ ಮತ್ತೆ "ಸರಿಯಾಗಿದ್ದೀಯೇನಮ್ಮ?" ಅಂತ ಕೇಳುತ್ತಿದ್ದೆ. "ನೀನು ಮುಂದೆ ನೋಡ್ಕೊಂಡು ನಡೆಸು," ಅನ್ನುತ್ತಿದ್ದಳು.

ಗೌರಿಬಿದನೂರು ದಾರಿಯ ಕಣಿವೆ ಹತ್ತುವಾಗ ಎರಡನೇ ಗೇರು ಬಿಟ್ಟುಕೊಂಡಿತು. ಗಾಡಿ ಏದುಸಿರು ಬಿಟ್ಟು ನಿಂತಿತು. ನನಗೆ ನಾಚಿಕೆಯಾಯಿತು. ಅಮ್ಮ ಇಳಿದು, "ನನಗೇನು ಕಾಲಿಲ್ವಾ? ನೀನು ಮೇಲೆ ಹೋಗಿ ನಿಂತಿರು, ನಡ್ಕೊಂಡು ಬರ್ತೀನಿ," ಅಂದಳು. ನಾನೊಬ್ಬನೇ ಕೂತಾಗ ಗಾಡಿ ಹೇಗೋ ಹತ್ತಿತು. ನಾನು ಮೇಲೆ ಕಾಯುತ್ತಾ, ಇಂಥದ್ದನ್ನು ಕೊಳ್ಳದಿರುವುದೇ ಸರಿ ಅಂದುಕೊಳ್ಳುತ್ತಿದ್ದೆ. ಅಮ್ಮ ನಿಧಾನವಾಗಿ ಹತ್ತಿ ಬಂದಳು. ಬೆವರು ಒರೆಸಿಕೊಂಡು, ಬೀಸುವ ಗಾಳಿಗೆ ಮುಖವೊಡ್ಡಿ ನಿಂತಳು. ಆಮೇಲೆ ಅಂದಳು: "ಹೊಟ್ಟೆ ಹಸೀತೈತೆ ಕಣೋ."

ಪ್ರಯಾಣದ ದಿನ ಅಮ್ಮನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮಂಚೇನಹಳ್ಳಿಯಲ್ಲಿ ಹೋಟೆಲ್ಲಿನ ಮುಂದೆ ನಿಲ್ಲಿಸಿದೆ. ಹೋಟೆಲ್ಲಿನ ಮೆಟ್ಟಿಲನ್ನೇ ಹತ್ತದಿದ್ದ ಅಮ್ಮ ಒಳಗೆ ಬಂದು ಬೆಂಚಿನ ಮೇಲೆ ಕೂತು ಇಡ್ಲಿ ತಿಂದಳು, ಇನ್ನೊಂದು ಪ್ಲೇಟು ಹಾಕಿಸಿಕೊಂಡಳು. ನಿಂಬೆಹಣ್ಣು ಮುಟ್ಟದೆ ಹಾಗೇ ಸೊಂಟದಲ್ಲಿತ್ತು.

ತೊಂಡೇಬಾವಿಯಲ್ಲಿ ದೊಡ್ಡಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಇಬ್ಬರೂ ಸೇರಿದರೆ ತೆಲುಗೇ. "ಎಟ್ಲಾ ವಚ್ಚಿನಾವೇ?" ಹೇಗೆ ಬಂದೆಯೇ ಅಂತ ಕೇಳಿದಳು. "ಗಾಲಿಲೋ ವಚ್ಚಿನಾನಕ್ಕಾ," ಅಂದಳು ಅಮ್ಮ. ತೆಲುಗಿನಲ್ಲಿ ಗಾಲಿ ಅಂದರೆ ಗಾಳಿ. ಗಾಳಿಯಲ್ಲಿ ಬಂದೆ ಅಕ್ಕಾ ಅಂದದ್ದು. ದೊಡ್ಡಮ್ಮ ತಂಗಿಯ ಕೆನ್ನೆ, ಕೈ, ತೋಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಅವಳ ಕಣ್ಣಲ್ಲಿ ನೀರು, ಅಮ್ಮ ನಗುತ್ತಿದ್ದಳು. ನಾನು ಹೊರಗೆ ಬಂದು, ಹುಣಸೇಮರದ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಾ ನಿಂತಿದ್ದ ಗಾಡಿಯ ಟ್ಯಾಂಕಿನ ಮೇಲೆ ಕೈಯಿಟ್ಟೆ. ತೀರ್ಮಾನ ಆಗಿಹೋಗಿತ್ತು.

ಮಧ್ಯಾಹ್ನ ಅಲೀಪುರಕ್ಕೆ ಹೋದೆ. "ವಾಪಸ್ ತಂದ್ರಾ?" ಅಂದರು ಆ ಹಿರಿಯರು. "ಇಲ್ಲ, ತಗೊಳ್ತೀನಿ ಅಂತ ಹೇಳಕ್ಕೆ ಬಂದೆ," ಅಂದೆ. ಮೆಕ್ಯಾನಿಕ್ಕು ಹೇಳಿದ್ದು, ಕಣಿವೆಯಲ್ಲಿ ನಿಂತದ್ದು, ಅಮ್ಮನಿಗೆ ಹಸಿವಾದದ್ದು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಒಳಗೆ ಹೋಗಿ, ಜೋಪಾನವಾಗಿಟ್ಟಿದ್ದ ಬಿಡಿಭಾಗಗಳ ಡಬ್ಬಿ ತಂದು ಕೊಟ್ಟರು. ಇಬ್ಬರೂ ಚಹಾ ಕುಡಿದೆವು.

ಮೆಕ್ಯಾನಿಕ್ಕು ಹೇಳಿದ್ದೇನೂ ಸುಳ್ಳಾಗಲಿಲ್ಲ. ಮುಂದಿನ ಬೇಸಗೆಯಲ್ಲೇ ಇಂಜಿನ್ ಬಿಚ್ಚಿಸಬೇಕಾಯಿತು. ದಾರಿಯಲ್ಲಿ ನಿಂತ ಗಾಡಿಯನ್ನು ಎಷ್ಟೋ ಊರಿನ ಜನ ತಳ್ಳಿಕೊಟ್ಟಿದ್ದಾರೆ. ಅಂಗಳದ ಎಣ್ಣೆಗೆ ಹೆಂಡತಿ ಒಂದು ಹಳೇ ತಟ್ಟೆ ಇಟ್ಟಳು. ಆಮೇಲೆ ಅವಳೂ ಅದೇ ಗಾಡಿಯ ಮೇಲೆ ಚಿಂತಾಮಣಿಯ ತವರಿಗೆ ಹೋಗಿ ಬರತೊಡಗಿದಳು. ಅಮ್ಮನಂತೂ ಕಡಲೆಕಾಯಿ ಕಿತ್ತ ಮೇಲೊಮ್ಮೆ, ಅವರೆಕಾಯಿ ಕಾಲಕ್ಕೊಮ್ಮೆ ಅಕ್ಕನ ಮನೆಗೆ ಹೊರಡುವಳು. ದೊಡ್ಡಮ್ಮ ಹಾಸಿಗೆ ಹಿಡಿದಾಗ ಹೋಗಿ ಅಲ್ಲೇ ಉಳಿದು ಗಂಜಿ ಕುಡಿಸಿದಳು. ಕೊನೆಯಲ್ಲಿ ದೊಡ್ಡಮ್ಮನ ತಲೆ ಅಮ್ಮನ ತೊಡೆಯ ಮೇಲಿತ್ತು. ಗುರುತಿಲ್ಲದವನನ್ನು ನಂಬಿ ಗಾಡಿ ಕೊಟ್ಟು ಕಳಿಸಿದ ಆ ಹಿರಿಯರನ್ನು ನೆನೆದು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಈಗ ಹೆಚ್ಚಾಗಿ ನೆನಪಾಗುವುದು ತೊಂಡೇಬಾವಿಯ ಆ ಜಗಲಿ. ಅಕ್ಕತಂಗಿಯರು ಅವರೆಕಾಯಿ ಸುಲಿಯುತ್ತಾ ಗುಸುಗುಸು ತೆಲುಗಿನಲ್ಲಿ ಮಾತಾಡುತ್ತಿದ್ದರೆ, ಗಾಡಿ ಓಡಿಸಿ ದಣಿದ ನಾನು ಪಕ್ಕದಲ್ಲೇ ಟವೆಲ್ಲು ಹಾಸಿ ಮಲಗುತ್ತಿದ್ದೆ. ಅಂಥ ನಿದ್ದೆ ನನಗೆ ಬೇರೆಲ್ಲೂ ಬರಲಿಲ್ಲ.