ಬಾನೆಟ್ ಮೇಲಿನ ಬಿಳಿ ಕಲೆ

ಎಷ್ಟು ತಿಕ್ಕಿದರೂ ಬಾನೆಟ್ ಮೇಲಿನ ಬಿಳಿ ಕಲೆ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಖಾನಾಪುರದಿಂದ ನನ್ನ ಮಾವನವರು ಬಂದು ಗೇಟಿನಲ್ಲಿ ನಿಂತಿದ್ದರು. ಕಾರು ಅವರದು. ಸ್ವಂತ ಮಗನಿಗೂ, ಅಂದರೆ ನನ್ನ ಗಂಡನಿಗೂ, ಒರೆಸಲು ಬಿಡದ ಆ ಕಡುಗೆಂಪು ಕಾರನ್ನು ನಾನೇ ಹಟ ಹಿಡಿದು, ಹೊಳಪು ಮಾಡಿಕೊಡುತ್ತೇನೆಂದು ಬೆಳಗಾವಿಯ ಖಾಸಬಾಗದ ನಮ್ಮ ಮನೆಗೆ ತರಿಸಿಕೊಂಡಿದ್ದೆ. ಯಾವುದು ಚೆನ್ನಾಗಿ ಹೊಳೆಯುತ್ತದೆ ನೋಡೋಣವೆಂದು ಬಾನೆಟ್ ಮೇಲೆ ಟೇಪಿನಿಂದ ಚೌಕಗಳನ್ನು ಮಾಡಿ, ಒಂದರಲ್ಲಿ ಬರೀ ಪಾಲಿಶ್, ಇನ್ನೊಂದರಲ್ಲಿ ಪಾಲಿಶ್ ಮೇಲೆ ಮಿರುಗು ಕೊಡುವ ಗ್ಲೇಜ್, ಮತ್ತೊಂದರಲ್ಲಿ ಅವೆರಡರ ಮೇಲೆ ಮೇಣದಂಥ ವ್ಯಾಕ್ಸ್ ಹಚ್ಚಿದ್ದೆ. ಬಿಸಿಲು ಸರಿದು ಬಂದದ್ದನ್ನು ಗಮನಿಸಲಿಲ್ಲ. ಕಾದ ತಗಡಿನ ಮೇಲೆ ವ್ಯಾಕ್ಸ್ ಸುಣ್ಣದಂತೆ ಗಟ್ಟಿಯಾಗಿ ಕುಳಿತುಬಿಟ್ಟಿತ್ತು.

"ಮಾವಾರ, ಬಣ್ಣಾ ಕೆಡಿಸಿಬಿಟ್ಟೆ ಅನಸ್ತೈತ್ರಿ" ಎಂದೆ. ಮುಂಗೈಯಿಂದ ಕಣ್ಣೊರೆಸಿಕೊಂಡೆ.

ಅವರು ಕೈಚೀಲವನ್ನು ಕಟ್ಟೆಯ ಮೇಲಿಟ್ಟರು. "ಗಾಡಿ ಮೊದಲ ನೆರಳಿಗೆ ತಳ್ಳೂಣು ಬಾರವಾ. ಅಳೂದು ಆಮ್ಯಾಲ."

ಇಬ್ಬರೂ ತಳ್ಳಿದೆವು. ಚಹಾ ಮಾಡಿ ಕುಡಿಯುವಷ್ಟರಲ್ಲಿ ಬಾನೆಟ್ ತಣ್ಣಗಾಯಿತು. ಕಲೆಯ ಮೇಲೆ ಹೊಸ ವ್ಯಾಕ್ಸ್ ಚೂರು ಸವರಿ, ಒಣಗಲು ಬಿಡದೆ ಒರೆಸಿದೆ. ಗಟ್ಟಿಯಾಗಿದ್ದದ್ದೂ ಅದರೊಂದಿಗೆ ಎದ್ದು ಬಂತು! ಕೆಳಗೆ ಬಣ್ಣ ಹೊಚ್ಚ ಹೊಸದರಂತೆ ಮಿನುಗುತ್ತಿತ್ತು. ಮಾವನವರು ಬಗ್ಗಿ ಆ ಚೌಕದಲ್ಲಿ ಮುಖ ನೋಡಿಕೊಂಡು ಮೀಸೆ ನೀವಿದರು.

"ಪೂರಾ ಗಾಡಿಗೆ ಹಿಂಗ ಮಾಡು. ನಾ ಬಸ್ಸಿಗೆ ಹೋಗ್ತೀನಿ."

ಕಾರು ಒಯ್ಯಲು ಬಂದವರು ಅದನ್ನು ನನ್ನ ಬಳಿಯೇ ಬಿಟ್ಟು ಹೊರಟರು. ಇವತ್ತಿಗೂ ನನ್ನಿಂದ ಏನಾದರೂ ಕೆಟ್ಟರೆ, ಮೊದಲು ಅವರಿಗೇ ಹೇಳಬೇಕೆನಿಸುತ್ತದೆ.